ವರದಿಯಲ್ಲಿ ಅಡ್ಡಿಯಾದ ಅತ್ತೆ

ಗರ್ಭಪಾತ ಮತ್ತು ಗರ್ಭನಿರೋಧಕ ಸೇವೆ ಹೆಂಗಸರಿಗೆ ಯಾಕೆ ಸಿಗುತ್ತಿಲ್ಲ ಎಂದು ಅಧ್ಯಯನ ಮಾಡಿಸಿದ ಆರೋಗ್ಯ ಇಲಾಖೆಯ ಮಾನ್ಯರೇ,

ನಿಮ್ಮ ವರದಿಯ ಪ್ರಕಾರ ನಮ್ಮ ಕಡೆ ಈ ಸೇವೆಗೆ ಅತಿ ದೊಡ್ಡ ಅಡ್ಡಿ ಅತ್ತೆ. ತುಮಕೂರಿನ ಸಭಾಂಗಣದಲ್ಲಿ ಅದನ್ನು ಬಿಡುಗಡೆ ಮಾಡಿ, ಶಾಲು ಹೊದಿಸಿಕೊಂಡು, ಫೋಟೊ ತೆಗೆಸಿಕೊಂಡಿದ್ದೀರಿ. ಅಷ್ಟಕ್ಕೇ ಬಿಡದೆ ಗುಬ್ಬಿ, ಕುಣಿಗಲ್ ಕಡೆಯ ಅತ್ತೆಯರಿಗೆ ಅರಿವು ಮೂಡಿಸುವ ಶಿಬಿರವನ್ನೂ ಇಟ್ಟುಕೊಂಡಿದ್ದೀರಿ. ಗುಬ್ಬಿಯಲ್ಲಿರುವ ನನಗೂ ಕರೆ ಬಂದಿದೆ. ಬಂದೇ ಬರುತ್ತೇನೆ. ಆದರೆ ನಾನು ಅಡ್ಡಿಯಾದದ್ದು ಹೇಗೆ ಎಂಬುದನ್ನು ಮೊದಲು ಹತ್ತು ಜನರ ಮುಂದೆ ಹೇಳಿಬಿಡಬೇಕು. ಇಲ್ಲದಿದ್ದರೆ ಅಲ್ಲಿ ಕೊಡುವ ಉಪ್ಪಿಟ್ಟು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ನಾನು ನಿವೃತ್ತ ಶಾಲಾ ಶಿಕ್ಷಕಿ. ಮಗ ಸಂಗಮೇಶ್ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕ್. ಸೊಸೆ ಅನುಪಮಾ ಎರಡನೆಯ ಹೆರಿಗೆಯಲ್ಲಿ ರಕ್ತ ಕಡಿಮೆಯಾಗಿ ಒದ್ದಾಡಿದ್ದಳು. ಸದ್ಯಕ್ಕೆ ಇನ್ನೊಂದು ಬಸಿರು ಬೇಡವೆಂದು ಡಾಕ್ಟರೇ ಹೇಳಿದ್ದರು. ಹೇಳಿದ ಮಾತು ಕೇಳುವ ಹುಡುಗಿ, ಬಸಿರಾಗದಂತೆ ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್ ಕೇಳಿಕೊಂಡು ಆಸ್ಪತ್ರೆಗೆ ಹೋದಳು. ಸ್ಟಾಕ್ ಇಲ್ಲ, ಬಂದಾಗ ಫೋನ್ ಮಾಡುತ್ತೇವೆ ಎಂದರು. ಕೊಟ್ಟ ಮಾತಿಗೆ ತಪ್ಪುವವರಲ್ಲ, ಫೋನ್ ಮಾಡಿದರು. ಅಷ್ಟರಲ್ಲಿ ಅವಳು ಬಸಿರಾಗಿದ್ದಳು. ನಿರೋಧ್ ಇರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಮಗನನ್ನು ಅದನ್ನೇ ಕೇಳಿ ಬೈದಿದ್ದೇನೆ. ಅದು ನಮ್ಮ ಮನೆಯ ಜಗಳ, ನಿಮಗೆ ಬೇಡ.

ಅವಳು ಅಳುತ್ತಾ ಬಂದು ಮೊದಲು ಹೇಳಿದ್ದು ಈ ಅಡ್ಡಿಯ ಹತ್ತಿರವೇ. "ಅತ್ತೆ, ನನ್ ಕೈಲಿ ಇನ್ನೊಂದು ಆಗಲ್ಲ" ಎಂದಳು. "ಆಗ್ದಿದ್ರೆ ಬೇಡ ಬುಡು, ಅಳ್ಬೇಡ, ನಡಿ ಹೋಗಣ" ಎಂದು ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಯಾವ ಊರಿನ ಸರ್ಕಾರಿ ಆಸ್ಪತ್ರೆ ಎಂದು ಬರೆಯುವುದಿಲ್ಲ. ಬರೆದರೆ ಅಲ್ಲಿನ ಯಾರೋ ಒಬ್ಬ ನರ್ಸಿಗೆ ನೋಟಿಸ್ ಕೊಟ್ಟು ನೀವು ಕೈ ತೊಳೆದುಕೊಂಡುಬಿಡುತ್ತೀರಿ.

"ಯಜಮಾನ್ರು ಎಲ್ಲಮ್ಮ? ಅವ್ರ ಸಹಿ ಇಲ್ದೆ ಮಾಡಲ್ಲ" ಎಂದರು ಅಲ್ಲಿನ ಡಾಕ್ಟರಮ್ಮ. ಮಗ ಆಗ ಕಂಪನಿ ಕೆಲಸದ ಮೇಲೆ ಗುಜರಾತಿನಲ್ಲಿದ್ದ. ವಿಡಿಯೊ ಕಾಲ್ ಮಾಡಿದೆ. "ಮೇಡಂ, ನಂದು ಒಪ್ಪಿಗೆ ಐತೆ, ದಯವಿಟ್ಟು ಮಾಡ್ಕೊಡಿ" ಎಂದು ಅಲ್ಲಿಂದಲೇ ಕೈ ಮುಗಿದ. "ಫೋನ್ ಬಂದು ಸಹಿ ಹಾಕ್ತದಾ?" ಎಂದು ಅವರು ಮುಖ ತಿರುಗಿಸಿದರು. ಹದಿನೆಂಟು ದಾಟಿದ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು, ಕಾನೂನಿನಲ್ಲೇ ಇದೆ ಎಂದೆ. "ಕಾನೂನು ಕೋರ್ಟಲ್ಲಿ ಹೇಳಿ ಅಜ್ಜಿ. ನಾಳೆ ಅವ್ರ ಕಡೆಯೋರು ಬಂದು ಗಲಾಟೆ ಮಾಡಿದ್ರೆ ಅನುಭವ್ಸೋರು ನಾವು" ಎಂದರು. ಆಮೇಲೆ ದೊಡ್ಡ ಮನಸ್ಸು ಮಾಡಿ ಒಂದು ದಾರಿಯನ್ನೂ ತೋರಿಸಿದರು. ಮಕ್ಕಳಾಗದ ಆಪರೇಷನ್‌ಗೂ ಒಪ್ಪಿಕೊಂಡರೆ ಎರಡೂ ಒಟ್ಟಿಗೆ ಆಗುತ್ತದಂತೆ, ಸಹಿಯದು ಹೇಗೋ ನೋಡಿಕೊಳ್ಳುತ್ತಾರಂತೆ. ಇಪ್ಪತ್ನಾಲ್ಕು ವರ್ಷದ ಹುಡುಗಿ, "ಅದು ಮಾತ್ರ ಬೇಡ ಮೇಡಂ" ಎಂದಳು. ಹಾಗಾದರೆ ಗಂಡ ಬಂದ ಮೇಲೆ ಬನ್ನಿ ಎಂದರು.

ಮಗನಿಗೆ ರಜೆ ಸಿಗಲಿಲ್ಲ. ಮತ್ತೆ ಹೋದೆವು, ಮತ್ತೆ ಅದೇ ಮಾತು. ಖಾಸಗಿಯವರೂ ಗಂಡನನ್ನೇ ಕೇಳಿದರು. ದಿನ ಮೀರುತ್ತಿದೆ ಎಂದು ಹೆದರಿದ ಅನುಪಮಾ, ಯಾರನ್ನೋ ಹಿಡಿದು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರಿಸಿ ನುಂಗಿದಳು. ರಕ್ತ ಹೋಗುವುದು ನಿಲ್ಲಲೇ ಇಲ್ಲ. ಆಟೊದಲ್ಲಿ ಮಲಗಿಸಿಕೊಂಡು ಅದೇ ಆಸ್ಪತ್ರೆಗೆ ಓಡಿದೆ. ಈ ಸಲ ಯಜಮಾನರೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಹೆಚ್ಚುಕಡಿಮೆಯಾದರೆ ಆಸ್ಪತ್ರೆ ಹೊಣೆಯಲ್ಲ ಎಂಬ ಕಾಗದ ಮುಂದಿಟ್ಟು, "ನೀವೇನಾಗ್ಬೇಕು?" ಎಂದರು. ಅತ್ತೆ ಎಂದೆ. "ಸಾಕು, ಹಾಕಿ ಸಹಿ" ಎಂದರು. ಮಾನ್ಯರೇ, ಹೆಣ್ಣು ಬದುಕಿಕೊಳ್ಳಲು ಬಂದರೆ ಗಂಡನ ಸಹಿಯೇ ಬೇಕು, ಸಾಯುವ ಹಾಗಾದರೆ ಅತ್ತೆಯದೂ ನಡೆಯುತ್ತದೆ, ಇದು ಯಾವ ಸೀಮೆಯ ನ್ಯಾಯ? ನನ್ನ ಸೊಸೆ ಉಳಿದಳು. ಇವತ್ತಿಗೂ ಬಿಂದಿಗೆ ಎತ್ತಿದರೆ ಅವಳಿಗೆ ಕಣ್ಣು ಕತ್ತಲೆ ಬರುತ್ತದೆ.

ಇಷ್ಟಾದ ಮೇಲೆ ನಿಮ್ಮ ಸಮೀಕ್ಷೆಯ ಹುಡುಗಿ ಟ್ಯಾಬ್ ಹಿಡಿದು ಬಂದಳು. ಪಾಪ, ಒಳ್ಳೆಯವಳು. ನಾವಿಬ್ಬರೂ ಹೇಳಿದ್ದನ್ನೆಲ್ಲ ಕೇಳಿ ಕಣ್ಣೊರೆಸಿಕೊಂಡಳು. ಕೊನೆಗೆ, ಸಕಾಲಕ್ಕೆ ಸೇವೆ ಸಿಗದಿರಲು ಯಾರು ಕಾರಣ ಎಂಬ ಪ್ರಶ್ನೆಗೆ ಬಂದು ನಿಂತುಬಿಟ್ಟಳು. ಗಂಡ, ಅತ್ತೆ, ತವರಿನವರು, ಸ್ವತಃ ಮಹಿಳೆ, ಇಷ್ಟೇ ಅದರಲ್ಲಿ ಇದ್ದದ್ದು.

"ಅಜ್ಜಿ, ಆಸ್ಪತ್ರೆನೋರು ಅಂತ ಹಾಕೋಕೆ ಇದ್ರಲ್ಲಿ ಜಾಗನೇ ಇಲ್ಲ."

"ಹಂಗಾದ್ರೆ ಖಾಲಿ ಬುಡವ್ವ."

"ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ ಅಜ್ಜಿ. ಇವರ ಫಾರಂ ಅರ್ಧಕ್ಕೆ ನಿಂತ್ರೆ ನಂಗೆ ಬೈತಾರೆ."

ಅನುಪಮಾಳ ಮೇಲೆ ಹಾಕುವುದೇ? ಹೆತ್ತ ಕರುಳು, ಮಗನ ಮೇಲೆ ಹಾಕಿಸಲೂ ಮನಸ್ಸು ಬರಲಿಲ್ಲ. ಬೀಗರ ಮೇಲೆ ಹಾಕಿದರೆ ಮರ್ಯಾದೆಯಲ್ಲ. ಹುಡುಗಿಯೋ ಬಿಸಿಲಲ್ಲಿ ಬಾಡಿಹೋಗಿದ್ದಳು, ಇನ್ನೂ ಮನೆಗಳು ಬಾಕಿಯಿದ್ದವು. "ಅತ್ತೆ ಅಂತ ನನ್ ಮೇಲೇ ಹಾಕ್ಕೊ ಕಣವ್ವ, ನಂಗೇನಾಗ್ತದೆ" ಎಂದೆ. ಅವಳು ಒತ್ತಿದಳು, ಕಾಫಿ ಕುಡಿದು ಮುಂದಿನ ಮನೆಗೆ ಹೋದಳು. ನಿಮ್ಮ ಸಂಶೋಧನೆ ಹುಟ್ಟಿದ್ದು ಹೀಗೆ, ನಮ್ಮ ಮನೆಯ ಜಗುಲಿಯ ಮೇಲೆ. ನಿಮ್ಮ ಅಂಕಿಅಂಶದಲ್ಲಿ ನನ್ನಂತೆ ಕರುಣೆಗೆ ಬಿದ್ದು ಅಡ್ಡಿಯಾದ ಅತ್ತೆಯರು ಇನ್ನೆಷ್ಟು ಜನರಿದ್ದಾರೋ! ಅಡ್ಡ ಬರುವ ಅತ್ತೆಯರು ಇಲ್ಲವೆಂದು ನಾನೇನೂ ಹೇಳುವುದಿಲ್ಲ, ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ನಿಮ್ಮದೇ ಬಾಗಿಲು ಅಡ್ಡವಾಗಿದೆಯೇ ಎಂದು ಕೇಳುವ ಧೈರ್ಯವಿಲ್ಲದ ಮೇಲೆ ಅದನ್ನು ಅಧ್ಯಯನವೆಂದು ಯಾಕೆ ಕರೆಯುತ್ತೀರಿ? ನನಗೆ ಸಿಟ್ಟು ಬರುತ್ತದೆ.

ಶಿಬಿರದ ದಿನ ಮುಂದಿನ ಸಾಲಿನಲ್ಲೇ ಕೂರುತ್ತೇನೆ. ನನ್ನ ಪಕ್ಕದಲ್ಲಿ ಅವಳನ್ನು ವಾಪಸ್ ಕಳಿಸಿದವರನ್ನೂ, ಆ ಪ್ರಶ್ನೆ ಬರೆದವರನ್ನೂ ಕೂರಿಸಿ, ಅವರಿಗೂ ಒಂದಿಷ್ಟು ಅರಿವು ಮೂಡಲಿ. ಆ ಪ್ರಶ್ನೆಗೆ "ಆಸ್ಪತ್ರೆ" ಎಂಬ ಉತ್ತರವನ್ನೂ ಸೇರಿಸಿ, ಮನೆಮನೆಗೆ ಮತ್ತೆ ಹೋಗಿ ಕೇಳಿಸಿ. ಇಂಜೆಕ್ಷನ್ ಸ್ಟಾಕ್ ತರಿಸಿ. ಪ್ರತಿ ಆಸ್ಪತ್ರೆಯ ಬಾಗಿಲಲ್ಲೂ, ವಯಸ್ಕ ಹೆಣ್ಣಿಗೆ ಅವಳ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆಸಿ. ಬಣ್ಣದ ಖರ್ಚು ನಿಮ್ಮ ಶಾಲು ಹಾರಗಳಿಗಿಂತ ಹೆಚ್ಚಾಗಲಾರದು.

ಈ ಪತ್ರವನ್ನು ಅನುಪಮಾಳಿಗೆ ಓದಿ ಹೇಳಿ, ಪ್ರಕಟಿಸಲೇ ಎಂದು ಕೇಳಿದೆ. ಒಪ್ಪಿಗೆಯಿದ್ದರೆ ಸಹಿ ಹಾಕು ಎಂದೆ. ಪೆನ್ನು ಕೈಗೆ ತೆಗೆದುಕೊಂಡಳು. "ಅತ್ತೆ, ಅಷ್ಟು ಸಲ ಹೋದ್ವಲ್ಲ, ನನ್ ಸಹಿ ಯಾರೂ ಕೇಳ್ಲೇ ಇಲ್ಲ" ಎಂದಳು.

ಇಂತಿ,
ನಿಮ್ಮ ವರದಿಯ ಅತಿ ದೊಡ್ಡ ಅಡ್ಡಿ,
ಶಿವರುದ್ರಮ್ಮ, ಗುಬ್ಬಿ

ಓದಿಸಿ ಕೇಳಿ, ಒಪ್ಪಿ ಸಹಿ ಹಾಕಿದವಳು,
ಅನುಪಮಾ
(ಗಂಡನ ಸಹಿ ಲಗತ್ತಿಸಿಲ್ಲ)