ನೀವು ಒತ್ತಿದ ಬಟನ್ನು ನನ್ನ ಗಂಡನಿಗೆ ಒತ್ತಲಾಗುತ್ತಿಲ್ಲ

ಕಮೋಡಿನ ಬಟನ್ನು ಒತ್ತಿ ಚಪ್ಪಾಳೆ ಗಿಟ್ಟಿಸಿದ ವಸತಿ ವಿಭಾಗದ ಮುಖ್ಯಾಧಿಕಾರಿಗಳೇ,

ಉತ್ತರ ಜಾವಾ ಕಡಲ ದಂಡೆಯ ನಮ್ಮೂರಿನಲ್ಲಿ, ಉಬ್ಬರಕ್ಕೆ ಮನೆ ಕಳೆದುಕೊಂಡವರಿಗೆಂದು ನೀವು ಕಟ್ಟಿಸಿದ ಕಟ್ಟಡದ ಮೂರನೇ ಮಹಡಿಯಲ್ಲಿ ನಾವಿದ್ದೇವೆ. ನಮ್ಮ ಕಕ್ಕಸಿನ ಫ್ಲಶ್ ಟ್ಯಾಂಕನ್ನು ಗೋಡೆಯೊಳಗಿಂದ ಕಿತ್ತು, ಪಕ್ಕದಲ್ಲಿ ಹಿಡಿ ಇರುವ ಸಾದಾ ಟ್ಯಾಂಕನ್ನು ಗೋಡೆಯ ಹೊರಗೆ ಹಾಕಿಸಿಕೊಡಿ. ನನ್ನ ಅರ್ಜಿ ಇಷ್ಟೇ. ಇದನ್ನು ಐದು ಸಲ ನಿಮ್ಮ ಫಾರಂನಲ್ಲಿ ತುಂಬಿ ಕೊಟ್ಟೆ. ಐದು ಸಲವೂ "ಸಮಸ್ಯೆ ಬಗೆಹರಿದಿದೆ" ಎಂದು ಉತ್ತರ ಬಂತು. ಆರನೆಯದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಒಂದು ಪ್ರತಿಯನ್ನು ಕೆಳಗಿನ ನೋಟಿಸ್ ಬೋರ್ಡಿನಲ್ಲಿ, ನಿಮ್ಮ ಉದ್ಘಾಟನೆಯ ಫೋಟೋ ಪಕ್ಕದಲ್ಲೇ ಅಂಟಿಸಿದ್ದೇನೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಲವತ್ತು ವರ್ಷದಿಂದ ಸೋಯಾಕಾಳು ಹುದುಗಿಸಿ ಸಂತೆಯಲ್ಲಿ ಟೆಂಪೆ ಮಾರುವವಳು. ಬರಹದಲ್ಲಿ ತಪ್ಪಿದ್ದರೆ ತಿದ್ದಿ, ಆದರೆ ಮೊದಲು ಟ್ಯಾಂಕನ್ನು ತಿದ್ದಿ.

ಆ ದಿನ ನಿಮಗೆ ನೆನಪಿದೆಯೇ? ಮಾದರಿ ಮನೆಯ ಕಕ್ಕಸಿನಲ್ಲಿ ನಿಂತು, ಕ್ಯಾಮೆರಾ ನೋಡಿ ನಕ್ಕು, ಗೋಡೆಯ ಮೇಲಿನ ಮಿರುಗುವ ಬಟನ್ನು ಒತ್ತಿದಿರಿ. ನೀರು ಧೋ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈ ಇಡೀ ಪ್ರಕರಣದಲ್ಲಿ ನನ್ನ ತಪ್ಪೆಂದರೆ ಅದೊಂದೇ. ರಿಪೇರಿಗೆಂದು ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿ ಫೋಟೋದಲ್ಲಿ ಚೆಂದ ಕಾಣುವುದಿಲ್ಲವೆಂದು, ಹಿಂದಿನ ದಿನವೇ ನಿಮ್ಮವರು ಎಲ್ಲ ಮನೆಗಳಲ್ಲೂ ಅದರ ಮೇಲೆ ಟೈಲ್ಸ್ ಮೆತ್ತಿದ್ದರೆಂದು ಆಮೇಲೆ ತಿಳಿಯಿತು. ಈಗ ಒಳಗೆ ಏನು ಕೆಟ್ಟಿದೆಯೋ ದೇವರೇ ಬಲ್ಲ. ನೀರು ಗೋಡೆಯೊಳಗೆ ಗುಳುಗುಳು ಎನ್ನುತ್ತದೆ, ಹೊರಗೆ ಬರುವುದಿಲ್ಲ. ಒಮ್ಮೊಮ್ಮೆ ಒಂದೇ ಸಲಕ್ಕೆ ಬರುತ್ತದೆ, ಒಮ್ಮೊಮ್ಮೆ ಹತ್ತು ಸಲ ಒತ್ತಿದರೂ ಇಲ್ಲ. ಕರೆಯದೆ ಒಳಗೆ ಬರುತ್ತಿದ್ದ ನೀರಿನಿಂದ ಬಿಡಿಸಿ, ಕರೆದರೂ ಬಾರದ ನೀರಿನ ಕೈಗೆ ನಮ್ಮನ್ನು ಕೊಟ್ಟಿರಿ.

ನನ್ನ ಗಂಡ ತರ್ಮೂಜಿ. ತಾಮ್ರದ ಅಚ್ಚನ್ನು ಬಿಸಿ ಮೇಣದಲ್ಲಿ ಅದ್ದಿ ಬಾಟಿಕ್ ಬಟ್ಟೆಗೆ ಒತ್ತುವುದು ಅವರ ಕಸುಬಾಗಿತ್ತು. ನಲವತ್ತೆರಡು ವರ್ಷ ಒತ್ತಿದ ಕೈ ಅದು. ನೀವು ಉದ್ಘಾಟನೆಗೆ ತೊಟ್ಟು ಬಂದ ಅಂಗಿಯ ಹೂವನ್ನೂ ಅವರೇ ಒತ್ತಿದ್ದರೆ ಆಶ್ಚರ್ಯವಿಲ್ಲ. ಈಗ ಬೆರಳುಗಳು ಶುಂಠಿಯ ಹಾಗೆ ಗಂಟುಗಂಟಾಗಿ ಮಡಚಿಕೊಂಡಿವೆ. ಹಳೆಯ ಮನೆಯಲ್ಲಿ ನೀರಿನ ತೊಟ್ಟಿ ಇತ್ತು, ಉದ್ದ ಹಿಡಿಯ ಮಗ್ಗು ಇತ್ತು. ಹಿಡಿಯನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡು ಮೊಗೆದು ಸುರಿಯುತ್ತಿದ್ದರು. ಡೆಂಗಿ ಸೊಳ್ಳೆ ಹುಟ್ಟುತ್ತದೆಂದು ಇಲ್ಲಿ ತೊಟ್ಟಿ ಕೂಡದು. ನಲ್ಲಿಯಲ್ಲಿ ನೀರು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಬಕೆಟ್ಟಿನಲ್ಲಿ ಹಿಡಿದಿಟ್ಟೆ. ಸೊಳ್ಳೆಮರಿ ಹುಡುಕುವ ಲಾಸ್ತ್ರಿ ಟಾರ್ಚು ಹಿಡಿದು ಬಂದು ಮೊದಲ ಸಲ ಚೆಲ್ಲಿದಳು, ಎರಡನೇ ಸಲ ಬಕೆಟ್ಟನ್ನೇ ಎತ್ತಿಕೊಂಡು ಹೋದಳು. ಮೂರನೇ ಸಲಕ್ಕೆ ಮನೆ ಖಾಲಿ ಮಾಡಿಸುತ್ತಾರಂತೆ.

"ಮುಚ್ಚಳ ಹಾಕಿದೀನಲ್ಲೇ, ಕಣ್ಣು ಕಾಣಲ್ವಾ?" ಎಂದೆ.

"ರೂಲ್ಸಲ್ಲಿ ಬಕೆಟ್ ಅಂತಷ್ಟೇ ಇದೆ, ಬೂ ವಸ್ರಿಯಾ. ಮುಚ್ಚಳದ ಸುದ್ದಿ ಇಲ್ಲ."

"ಸೊಳ್ಳೆ ಮುಚ್ಚಳ ತೆಗೆದು ಮೊಟ್ಟೆ ಇಟ್ಟು ಮತ್ತೆ ಮುಚ್ಚುತ್ತದೇನೇ?"

"ಅದನ್ನ ಸಾಹೇಬರನ್ನ ಕೇಳಿ."

ಕೇಳುತ್ತಿದ್ದೇನೆ, ಸಾಹೇಬರೇ.

ಐದು ಅರ್ಜಿಗೂ ನಿಮ್ಮ ರಿಪೇರಿಯ ಗುನಾದಿಯೇ ಬಂದ. ನಲವತ್ತರ ಗಟ್ಟಿ ಆಳು. ಎರಡೂ ಹೆಬ್ಬೆರಳು ಊರಿ, ಮೈಭಾರವೆಲ್ಲ ಹಾಕಿ ಒತ್ತಿದ. ಹಾಳು ನೀರು ಆಗಲೇ ಬರಬೇಕೇ! "ನೋಡಿ ಬೂ, ಕೆಲ್ಸ ಮಾಡ್ತಿದೆಯಲ್ಲ," ಎಂದು ಫೋಟೋ ತೆಗೆದ.

"ಮಾಡುತ್ತಪ್ಪಾ. ನಿನ್ನ ಹೆಬ್ಬೆರಳು ಎರಡೂ ಇಲ್ಲೇ ಬಿಟ್ಟು ಹೋಗು, ದಿನಾ ಮಾಡುತ್ತೆ."

"ಟೈಲ್ಸ್ ಒಡೆಯೋಕೆ ನಂಗೆ ಆರ್ಡರ್ ಇಲ್ಲ, ಬೂ," ಎಂದು ನಕ್ಕ. ನಗುವುದಕ್ಕೆ ಆರ್ಡರ್ ಇತ್ತೆಂದು ಕಾಣುತ್ತದೆ.

ನಗುವಂಥದ್ದು ಇಲ್ಲಿಗೆ ಮುಗಿಯಿತು. ನಾನು ಬೆಳಿಗ್ಗೆ ಸಂತೆಗೆ ಹೋದರೆ ಬರುವುದು ಮಧ್ಯಾಹ್ನ. ಅಷ್ಟು ಹೊತ್ತು ಅವರೊಬ್ಬರೇ. ಒಂದು ದಿನ ನಾನು ಬಂದಾಗ ಕಕ್ಕಸಿನ ಬಾಗಿಲಿಗೆ ಅಡ್ಡ ನಿಂತಿದ್ದರು. "ಒಳಗೆ ಹೋಗ್ಬೇಡ ಕಣೇ." ಸರಿಯಿರಿ, ನಾನು ನೋಡ್ಕೋತೀನಿ ಎಂದೆ. "ನನ್ನ ಹೊಲಸಿಗೆ ನೀನು ನೀರು ಹುಯ್ಯೋ ಕಾಲ ಬಂತಲ್ಲೇ," ಎಂದು ಗೋಡೆಗೆ ಮುಖ ಮಾಡಿದರು. ಆವತ್ತಿನಿಂದ ನೀರು ಕುಡಿಯುವುದನ್ನೇ ಬಿಡುತ್ತಾ ಬಂದರು.

ನೀರು ಸಾಲದೆ ಮೂತ್ರಪಿಂಡ ಸೋಲುತ್ತಿದೆ, ದಿನಕ್ಕೆ ಎಂಟು ಲೋಟ ನೀರು ಬೇಕು, ಉಪವಾಸ ಕೂಡದು ಎಂದು ಆರೋಗ್ಯ ಕೇಂದ್ರದ ಡಾಕ್ಟರಮ್ಮ ಹೇಳಿದರು. ಕಾಯಿಲೆಯವರಿಗೆ ವಿನಾಯಿತಿ ಇದೆ ಎಂದು ಮಸೀದಿಯ ಗುರುಗಳೂ ಹೇಳಿದರು. ಇವರು ರಮದಾನಿನ ಅಷ್ಟೂ ದಿನ ಉಪವಾಸ ಹಿಡಿದರು. ಆ ತಿಂಗಳು ಅವರ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಹಗಲಲ್ಲಿ ನೀರು ಕುಡಿ ಎಂದು ಯಾರೂ ಪೀಡಿಸುವಂತಿಲ್ಲವಲ್ಲ! ಹಬ್ಬ ಕಳೆದು ಎರಡು ತಿಂಗಳಾಯಿತು. ಸೋಮವಾರ, ಗುರುವಾರ ಪುಣ್ಯಕ್ಕೆ ಉಪವಾಸ ಎನ್ನುತ್ತಾರೆ. ಉಳಿದ ದಿನ ಬಾಯಾರಿಕೆಯಿಲ್ಲ ಎನ್ನುತ್ತಾರೆ. "ತರ್ಮೂಜಿಯವರು ಎಂಥಾ ದೈವಭಕ್ತರು!" ಎಂದು ನೆರೆಯವರು ಹೊಗಳುತ್ತಾರೆ. ಅದು ದೇವರ ಭಕ್ತಿಯಲ್ಲ, ನಿಮ್ಮ ಬಟನ್ನಿನ ಭಯ ಎಂದು ನನ್ನ ಗಂಡನಿಗೆ ಗೊತ್ತು, ನನಗೆ ಗೊತ್ತು. ಈಗ ನಿಮಗೂ ಗೊತ್ತಾಯಿತು. ಈ ಕಾಗದ ಕಂಡರೆ ಅವರು ನನ್ನ ಜೊತೆ ಮಾತು ಬಿಡುತ್ತಾರೆ. ಬಿಡಲಿ. ನೀರು ಬಿಟ್ಟದ್ದಕ್ಕಿಂತ ಅದು ವಾಸಿ.

ಮೊಣಕೈಯಲ್ಲಿ ತಳ್ಳಿದರೂ ನೀರು ಬರುವಂಥ ಹಿಡಿಯ ಟ್ಯಾಂಕು ಕೊಡಿ. ಆಗದಿದ್ದರೆ ಟೈಲ್ಸ್ ಒಡೆಯಲು ನನಗೇ ಅನುಮತಿ ಕೊಡಿ, ಸುತ್ತಿಗೆ ನನ್ನದು. ಅದೂ ಆಗದಿದ್ದರೆ ಮುಚ್ಚಳದ ಬಕೆಟ್ಟನ್ನಾದರೂ ವಾಪಸು ಕಳಿಸಿ. ಯಾವುದೂ ಆಗುವುದಿಲ್ಲವೆಂದು ಬಲ್ಲೆ. ಗುನಾದಿ ಬರುತ್ತಾನೆ, ಒತ್ತುತ್ತಾನೆ, ಆರನೇ ಫೋಟೋ ತೆಗೆಯುತ್ತಾನೆ. ತೆಗೆಯುವುದಾದರೆ ಮೇಜಿನ ಮೇಲಿನ ಲೋಟದ್ದನ್ನೂ ತೆಗೆಯಲಿ. ಉಪವಾಸವಿಲ್ಲದ ದಿನ, ಸಂತೆಗೆ ಹೊರಡುವ ಮುಂಚೆ, ಅವರಿಗಿಷ್ಟವೆಂದು ಸಕ್ಕರೆ ಜಾಸ್ತಿ ಹಾಕಿ ಬಿಸಿ ಟೀ ಮಾಡಿ ಮುಚ್ಚಿಟ್ಟು ಹೋಗುತ್ತೇನೆ. ಮಧ್ಯಾಹ್ನ ಬಂದು ಮುಚ್ಚಳ ತೆಗೆದರೆ ಇಟ್ಟಷ್ಟೂ ಹಾಗೇ ಇರುತ್ತದೆ, ತಣ್ಣಗೆ.

ಇಂತಿ,
ಆ ದಿನ ತಟ್ಟಿದ ಚಪ್ಪಾಳೆಯನ್ನು ಹಿಂದಕ್ಕೆ ಪಡೆಯಲಾಗದ
ಮೂರನೇ ಮಹಡಿಯ ವಸ್ರಿಯಾ