ಒಪ್ಪಿಸುವ ಗುರುವಾರ

ಜೂನ್ 5, ಗುರುವಾರ

ಬುದ್ಧಿ ಸ್ವಾಧೀನದಲ್ಲಿರುವಾಗಲೇ, ಯಾರ ಬಲವಂತವೂ ಇಲ್ಲದೆ, ಸ್ವಹಸ್ತಾಕ್ಷರದಲ್ಲಿ ತಪ್ಪೊಪ್ಪಿಗೆ: ಇಂದು ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ, ಎಲ್ಲರೂ ಕಣ್ಣು ಮುಚ್ಚಿ ಮೌನಪ್ರಾರ್ಥನೆಯಲ್ಲಿದ್ದಾಗ, ಸಿಸ್ಟರ್ ಅವರ ಡಬ್ಬಿಯಿಂದ ಕ್ರೀಮ್ ಬಿಸ್ಕತ್ತೊಂದನ್ನು ಅಪಹರಿಸಿದೆ. ಕಡಿದರೆ ಸದ್ದಾಗುತ್ತದೆ. ಚೀಪಿದೆ. 'ಆಮೆನ್' ಹೇಳುವ ಹೊತ್ತಿಗೆ ಸಾಕ್ಷ್ಯವೆಲ್ಲ ಕರಗಿತ್ತು. ಕನ್ನಡಕದ ಅಂಗಡಿಯವನು ನಾನು. ಊರೆಲ್ಲ ಕಣ್ಣು ಮುಚ್ಚಿದಾಗ ತೆರೆದಿಟ್ಟುಕೊಳ್ಳುವುದು ವೃತ್ತಿಧರ್ಮ.

ಸಿಸ್ಟರ್ ಸನ್ಯಾಸಿನಿ. ಶಾಲೆಯ ಕೆಲಸದಿಂದ ನಿವೃತ್ತರು, ಶಿಸ್ತಿನಿಂದ ಅಲ್ಲ. ಈ ಗುರುವಾರದ ಗುಂಪು ಅವರದೇ ಕಲ್ಪನೆ. ಬೇರೆ ಬೇರೆ ಕ್ರೈಸ್ತ ಸಭೆಗಳ ಆರು ಜನ ಕೂಡುವುದು, ಬೈಬಲಿನ ಒಂದೇ ವಾಕ್ಯಭಾಗ ಓದುವುದು, ಒಂದೇ ನಿಯಮ: ಒಬ್ಬರು ಹೇಳಿದ್ದನ್ನು ಮುಂದಿನವರು ಮೊದಲು ಒಪ್ಪಿಸಬೇಕು, ತಮ್ಮ ಮಾತಿನಲ್ಲಿ. ಹೇಳಿದವರು "ಹೌದು, ಅದೇ" ಅನ್ನುವ ತನಕ ಸ್ವಂತ ಅಭಿಪ್ರಾಯಕ್ಕೆ ಬಾಯಿ ತೆರೆಯುವಂತಿಲ್ಲ. ಕೊನೆಗೆ ಪ್ರತಿವಾರ ಒಂದೇ ಮಂತ್ರ: "ಈ ಕೋಣೆ ಮಾತು ಈ ಕೋಣೇಲೇ ಇರ್ಲಿ."

ಇವತ್ತು ಕುರುಡನ ಕಥೆ. ಕರ್ತನು ಮೊದಲ ಸಲ ಕಣ್ಣು ಮುಟ್ಟಿದಾಗ ಅವನಿಗೆ ಜನರೆಲ್ಲ ಮರಗಳ ಹಾಗೆ ಕಂಡರಂತೆ. ಎರಡನೇ ಸಲ ಮುಟ್ಟಿದ ಮೇಲೆ ಸರಿಯಾಯಿತು. ಮೈಕಣ್ಣನ ಸರದಿ. ಎಲೆಕ್ಟ್ರಿಷಿಯನ್, ಗಟ್ಟಿಯಾಗಿ ಪ್ರಾರ್ಥಿಸುವ ಸಭೆಯವನು. ಅವನಿಗೆ ಮೈಕು ಬೇಕಾಗಿಲ್ಲ, ಅದಕ್ಕೇ ಆ ಹೆಸರು. ಮುಕ್ಕಾಲು ಗಂಟೆ ಗುಡುಗಿದ. ನಾನು ಒಂದೇ ನಿಮಿಷದಲ್ಲಿ ಒಪ್ಪಿಸಿದೆ. ಅವನು ಬಾಯಿ ಬಿಟ್ಟುಕೊಂಡು, "ಹೌದು, ಅದೇ! ಅಣ್ಣ, ನಾನು ಹೇಳಿದ್ದಕ್ಕಿಂತ ಚೆನ್ನಾಗಿದೆ!"

ಇಲ್ಲಿ ದಾಖಲಾಗಲಿ — ಈ ಗುಂಪಿನಲ್ಲಿ ಕೇಳುವುದರಲ್ಲಿ ನಾನೇ ಫಸ್ಟ್ ರ‍್ಯಾಂಕ್. ಎರಡನೆಯವರು ಬಹಳ ಹಿಂದಿದ್ದಾರೆ.

ಜೂನ್ 12, ಗುರುವಾರ

ನನ್ನ ಸರದಿ. ಹಾಸ್ಯ ಮಾಡಿ ಜಾರಿಕೊಳ್ಳೋಣ ಅಂದುಕೊಂಡೇ ಹೋಗಿದ್ದೆ.

ಅಂಗಡಿಯ ಮಾತಿನಿಂದ ಶುರು ಮಾಡಿದೆ. ಲೆನ್ಸ್ ಬದಲಿಸುತ್ತ "ಈಗ ಕಾಣುತ್ತಾ?" ಅಂತ ಕೇಳುತ್ತೇವಲ್ಲ, ಕೆಲವರು "ಕಾಣುತ್ತೆ, ಕಾಣುತ್ತೆ" ಅಂತಾರೆ. ಗೋಡೆಯ ಚಾರ್ಟಿನ ಕೊನೆಯ ಸಾಲನ್ನೂ ತಡವರಿಸದೆ ಓದುತ್ತಾರೆ. ಕಾಯುತ್ತ ಕೂತಾಗ ತಮಗಿಂತ ಮೊದಲಿನವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿರುತ್ತಾರೆ, ಅಷ್ಟೆ. ಆ ಕುರುಡ ದೊಡ್ಡವನು. ದೇವರೇ ಕೇಳಿದರೂ, "ಇನ್ನೂ ಸರಿಯಾಗಿ ಕಾಣ್ತಿಲ್ಲ" ಅಂದ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. ನನ್ನದೂ ಬಾಯಿಪಾಠವೇ ಅಂದುಬಿಟ್ಟೆ. ಭಾನುವಾರ ಸಭೆಯ ಪರವಾಗಿ ಪ್ರಾರ್ಥನೆ ನಡೆಸುವವನು ನಾನು, ಜನ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಆ ಕಡೆ ಯಾರೂ ಇರುವ ಹಾಗೆ ಅನಿಸಿ ಎಷ್ಟೋ ಕಾಲವಾಯಿತು. ಪ್ರಾಸ ಹೊಂದಿಸುತ್ತೇನೆ, ಆಮೆನ್ ಅನ್ನುತ್ತೇನೆ. ಕರ್ತನಿದ್ದಾನೆ, ಕರ್ಮವಿದೆ, ಕ್ರಿಯಾಪದವೇ ಇಲ್ಲ. ಮನೆಯಲ್ಲೂ ಹಾಗೇ — ಊಟದ ಮುಂಚೆ, ಮಲಗುವ ಮುಂಚೆ. ಹೆಂಡತಿಗೆ ಗೊತ್ತಿಲ್ಲ. ಗೊತ್ತಾಗಬಾರದು.

ಯಾರೂ ನಗಲಿಲ್ಲ. ಒಪ್ಪಿಸುವ ಸರದಿ ಮೈಕಣ್ಣನದು. ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ. "ಅಣ್ಣ ಫೋನ್ ಮಾಡ್ತಾರೆ. ಆ ಕಡೆಯಿಂದ ಹಲೋ ಅನ್ನಲ್ಲ. ಆದರೂ ಮನೇವರ ಮುಂದೆ ಮಾತಾಡ್ತಾನೇ ಇರ್ತಾರೆ."

ಹೌದು. ಅದೇ.

ಸಿಸ್ಟರ್ ಅವನಿಗೆ ಹೇಳಿದರು, "ಈ ವಾರ ಇವರ ಭಾರ ನಿಮ್ದು. ನಿಮ್ಮದೇ ಅನ್ನೋ ಹಾಗೆ ಹೊತ್ಕೊಂಡು ಪ್ರಾರ್ಥನೆ ಮಾಡಿ."

ಜೂನ್ 13, ಶುಕ್ರವಾರ

ಹಗುರವಾಗಿದೆ. ಅಂಗಡಿಯ ಕನ್ನಡಿಗಳನ್ನೆಲ್ಲ ನಾನೇ ಒರೆಸಿದೆ. ಸಿಳ್ಳೆ ಹಾಕಿದೆನಂತೆ. ಪಕ್ಕದ ವಾಚ್ ರಿಪೇರಿಯವನು ದೂರು ಕೊಟ್ಟ.

ಬೇರೆಯವರ ಕಿವಿಗೆ ಇಷ್ಟು ಶಕ್ತಿ ಇದೆಯೆಂದು ಗೊತ್ತಿರಲಿಲ್ಲ. ಇಷ್ಟು ದಿನ ನನ್ನ ಸಭೆಯೇ ಸರಿ, ಮಿಕ್ಕವರದು ಗದ್ದಲ ಇಲ್ಲವೇ ಗೊಂಬೆಯಾಟ ಅಂದುಕೊಂಡಿದ್ದೆನಲ್ಲ...

ಜೂನ್ 17, ಮಂಗಳವಾರ, ಮಧ್ಯಾಹ್ನ

ಓದುವ ಕನ್ನಡಕಕ್ಕೆ ಒಬ್ಬ ಆಂಟಿ ಬಂದರು. ಮೂಗಿನ ಮೇಲೆ ಪರೀಕ್ಷೆಯ ಫ್ರೇಮ್ ಕೂರಿಸಿ ಲೆನ್ಸ್ ಹಾಕುತ್ತಿದ್ದೆ. ಕೈ ಹಿಡಿದುಕೊಂಡರು.

"ಧೈರ್ಯವಾಗಿರಿ ತಮ್ಮಾ. ಭಾನುವಾರ ನಮ್ಮ ಸಭೇಲಿ ನಿಮಗೋಸ್ಕರ ಎಲ್ಲಾರೂ ಕೈ ಎತ್ತಿ ಪ್ರಾರ್ಥನೆ ಮಾಡಿದ್ವಿ."

"ನನಗೇನಾಗಿದೆ ಆಂಟಿ?"

"ಅದೇ... ನಿಮ್ಮ ಪ್ರಾರ್ಥನೆ ಬರೀ ಬಾಯಲ್ಲಂತೆ. ಒಳಗೆ ಏನೂ ಇಲ್ವಂತೆ. ಎಲೆಕ್ಟ್ರಿಷಿಯನ್ ತಮ್ಮ ಅತ್ತುಕೊಂಡು ಪ್ರಾರ್ಥನೆ ಮಾಡಿದ. ಒಂದು ಗಂಟೆ! ಕೇಳಿದವರೆಲ್ಲ ಅತ್ವಿ."

ಕೈಯಲ್ಲಿ ಲೆನ್ಸ್. ಅಭ್ಯಾಸಬಲದಿಂದ ಬಾಯಿ ಕೇಳಿತು, "ಈಗ ಸ್ಪಷ್ಟವಾಗಿದೆಯಾ?"

"ತುಂಬಾ ಸ್ಪಷ್ಟವಾಗಿದೆ," ಅಂದರು. ಆಮೇಲೆ, "ನಿಮ್ಮ ಮನೆಯವರು ನಿನ್ನೆ ಆಸ್ಪತ್ರೆ ಕೌಂಟರಲ್ಲಿ ಸಿಕ್ಕಿದ್ರು. ಅವರಿಗೂ ಧೈರ್ಯ ಹೇಳಿದ್ದೀನಿ."

ಒಪ್ಪಿಸು ಅಂದರೆ ಹಿಡಿದೊಪ್ಪಿಸಿದ. ವಿಶ್ವಾಸಿಗಳ ಸಭೆಯಲ್ಲಿ ವಿಶ್ವಾಸಘಾತ. ಬೇರೆ ದಿನವಾಗಿದ್ದರೆ ಈ ಸಾಲಿಗೆ ನನಗೆ ನಾನೇ ಕೈಕುಲುಕಿಕೊಳ್ಳುತ್ತಿದ್ದೆ.

ಅದೇ ದಿನ, ಸಂಜೆ

ಇವಳು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ದಿನವಿಡೀ ಊರಿನ ಸಂಕಟಕ್ಕೆ ಹಲೋ ಅನ್ನುವುದೇ ಉದ್ಯೋಗ. ಮನೆಗೆ ಬಂದಳು, ಕೈಕಾಲು ತೊಳೆದಳು, ತಟ್ಟೆ ಇಟ್ಟಳು. ಕೂತಳು. ಪ್ರಾರ್ಥನೆಗೆ ಕಾಯಲಿಲ್ಲ. ತಿನ್ನತೊಡಗಿದಳು.

ನಿನ್ನೆ ರಾತ್ರಿ ಅವಳ 'ಆಮೆನ್' ಕೇಳಿಸಿರಲಿಲ್ಲ. ಶೀತ ಇರಬೇಕು ಅಂದುಕೊಂಡಿದ್ದೆ.

ಜೂನ್ 19, ಗುರುವಾರ

ಹೋಗಲಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂತಿದ್ದೆ. ಕಪಾಟಿನ ತುಂಬ ಕನ್ನಡಕಗಳು, ಎಲ್ಲವೂ ನನ್ನನ್ನೇ ನೋಡುತ್ತಿದ್ದವು.

ಜೂನ್ 22, ಭಾನುವಾರ

ಈ ವಾರದ ಪ್ರಾರ್ಥನೆಗೆ ನನ್ನದೇ ಪಾಳಿ. ಬದಲಿಗೆ ಯಾರೂ ಸಿಗಲಿಲ್ಲ. ನಿಂತೆ. ರೋಗಿಗಳಿಗಾಗಿ, ಆಳುವವರಿಗಾಗಿ, ದಾರಿ ತಪ್ಪಿದವರಿಗಾಗಿ. ಗಂಟಲು ತಾನಾಗಿ ಏರಿಳಿಯಿತು, ಎಷ್ಟಾದರೂ ಪಳಗಿದ ಕುದುರೆ. ಕಣ್ಣು ತೆರೆದೆ, ಯಥಾಪ್ರಕಾರ. ಎಲ್ಲರ ತಲೆ ಬಾಗಿತ್ತು. ಇವಳೊಬ್ಬಳು ಮೂರನೇ ಬೆಂಚಿನಿಂದ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಒಡೆದ ಫ್ರೇಮನ್ನು ಜನ ತಿರುಗಿಸಿ ನೋಡುತ್ತಾರಲ್ಲ, ರಿಪೇರಿ ಆಗುತ್ತೋ ಇಲ್ಲವೋ ಅಂತ. ಹಾಗೆ.

ಹಿಂದಿರುಗುವಾಗ ದಾರಿಯಲ್ಲಿ ನಾನೇ ಬಾಯಿ ಬಿಟ್ಟೆ. "ಆ ಮೈಕು ಮಾಡಿದ ಮೋಸ ನೋಡು."

"ಅವರ ವಿಷಯ ಬಿಡಿ," ಅಂದಳು. "ಅಮ್ಮ ತೀರಿಕೊಂಡಾಗ ನನಗೆ ಪ್ರಾರ್ಥನೆಗೆ ಮಾತೇ ಬರ್ತಿರ್ಲಿಲ್ಲ. ನೀವು ಹೇಳಿ, ನಾನು ಹಿಂದೆ ನಿಂತ್ಕೋತೀನಿ ಅಂದಿದ್ದೆ. ಅವತ್ತಿಂದ ನಿಮ್ಮ ಬೆನ್ನ ಹಿಂದೇನೇ ನಿಂತಿದ್ದೀನಿ. ಮುಂದೆ ಯಾರೂ ಇರ್ಲಿಲ್ಲ ಅಂತ ಈಗ ಗೊತ್ತಾಯ್ತು."

"ನಾನು ಹೇಳೋಣ ಅಂತಿದ್ದೆ—"

"ಹೇಳಿದ್ರಲ್ಲ. ಐದು ಜನಕ್ಕೆ."

ಮನೆ ಬಂತು. ಚಪ್ಪಲಿ ಬಿಟ್ಟು ಒಳಗೆ ಹೋದಳು.

ಯೋಚಿಸಿದರೆ ಉರಿಯುತ್ತದೆ. ನಾನು ಮೋಸ ಹೋದವನು ತಾನೇ? ಅಳುವ ಹಕ್ಕು ನನ್ನದು ತಾನೇ? ಅದನ್ನೂ ಇವಳೇ ತೆಗೆದುಕೊಂಡಳು.

ಜೂನ್ 28, ಶನಿವಾರ

ಮೈಕಣ್ಣ ಅಂಗಡಿಗೆ ಬಂದ. ಸೊಂಟದಲ್ಲಿ ಟೆಸ್ಟರು, ಮುಖದಲ್ಲಿ ಕರೆಂಟಿಲ್ಲ.

"ಅಣ್ಣ, ಎರಡು ಗುರುವಾರ ಬರ್ಲಿಲ್ಲ ನೀವು."

"ಯಾಕೆ ಬರ್ಲಿ? ಭಾನುವಾರ ನೀನೇ ನನ್ನ ಪರವಾಗಿ ಎಲ್ಲಾ ಹೇಳ್ತೀಯಲ್ಲ."

"ಆಣೆಗೂ ನಾನು ಯಾರಿಗೂ ಹೇಳಿಲ್ಲ ಅಣ್ಣ! ದೇವರಿಗೆ ಮಾತ್ರ ಹೇಳ್ದೆ."

"ಇಡೀ ಸಭೆ ಮುಂದೆ!"

"ಅವರು... ಕೇಳಿಸ್ಕೊಂಡ್ರು."

ನಗು ಬಂತು. ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. "ನಿನ್ನ ದೇವರಿಗೆ ಕಿವಿ ಮಂದವೇನೋ? ಮೆಲ್ಲಗೆ ಹೇಳಿದ್ರೆ ಆಗ್ತಿರ್ಲಿಲ್ವಾ?"

"ದೇವರಿಗಲ್ಲ ಅಣ್ಣ, ನನಗೆ. ಮೆಲ್ಲಗೆ ಹೇಳಿದ್ರೆ ನಾನು ನಿಜವಾಗ್ಲೂ ಹೇಳ್ತಿದ್ದೀನಾ ಅಂತ ನನಗೇ ಗೊತ್ತಾಗಲ್ಲ." ಸ್ಟೂಲಿನ ಮೇಲೆ ಕೂತ. "ಸಿಸ್ಟರ್ ಹೊತ್ಕೋ ಅಂದ್ರು. ಹೊತ್ಕೊಂಡೆ. ತುಂಬಾ ಭಾರ ಇತ್ತು ಅಣ್ಣ. ನಮ್ಮಲ್ಲಿ ಭಾರ ಆದ್ರೆ ಎಲ್ಲರೂ ಕೈ ಕೊಡ್ತಾರೆ. ಕಂಬದಿಂದ ಬಿದ್ದು ಮಲಗಿದ್ದಾಗ ನನ್ನ ಹೆಸರು, ನನ್ನ ಮೂಳೆ, ನನ್ನ ಕುಡಿತ ಎಲ್ಲಾ ಹೇಳಿನೇ ಪ್ರಾರ್ಥನೆ ಮಾಡಿದ್ರು. ನಾಚಿಕೆ ಆಗ್ಲಿಲ್ಲ. ಒಬ್ಬನೇ ಇಲ್ಲ ಅನ್ನಿಸ್ತು. ಹೇಳ್ದೆ ಬಚ್ಚಿಟ್ರೆ ಅದನ್ನೇ ನಮ್ಮಲ್ಲಿ ಮೋಸ ಅಂತಾರೆ."

"ನಮ್ಮಲ್ಲಿ ಹೇಳಿದ್ರೆ ಮೋಸ ಅಂತಾರೆ."

"ಗೊತ್ತಿರ್ಲಿಲ್ಲ ಅಣ್ಣ. ತಪ್ಪಾಯ್ತು." ಬಾಗಿಲಲ್ಲಿ ನಿಂತು ತಿರುಗಿದ. "ಇಷ್ಟು ದಿನ ಅದನ್ನ ಒಬ್ಬರೇ ಹೇಗೆ ಹೊತ್ತಿದ್ರಿ? ನನಗೆ ಒಂದು ವಾರಕ್ಕೇ ಬೆನ್ನು ಮುರೀತು."

ಒರೆಸಿದ್ದ ಲೆನ್ಸನ್ನೇ ಮತ್ತೆ ಒರೆಸಿದೆ. ಕ್ಷಮಿಸಲಿಲ್ಲ. ಅವನು ಹೋದ ಮೇಲೆ ಅಂಗಡಿಯ ಟ್ಯೂಬ್‌ಲೈಟು ಸ್ವಲ್ಪ ಹೊತ್ತು ಮಿಣುಕಿತು. ಕರೆದು ತೋರಿಸಬಹುದಿತ್ತು. ಬಿಟ್ಟೆ.

ಜುಲೈ 3, ಗುರುವಾರ

ಹೋದೆ. ಮೈಕಣ್ಣ ಆಗಲೇ ತಪ್ಪೊಪ್ಪಿಕೊಂಡಿದ್ದನಂತೆ; ಸಿಸ್ಟರ್ ಯಾವ ಮುನ್ನುಡಿಯೂ ಇಲ್ಲದೆ ಅವನನ್ನು ತೋರಿಸಿ, "ಇವರು ಯಾಕೆ ಹಾಗೆ ಮಾಡಿದ್ರು, ಒಪ್ಪಿಸಿ," ಅಂದರು. ಮೈಕಣ್ಣನ ಪರವಾಗಿ ನಾನು! ಕಕ್ಷಿದಾರನೇ ಎದುರಾಳಿಯ ವಕೀಲನಾದ ಹಾಗೆ.

ಒಪ್ಪಿಸಿದೆ. ಕಂಬ, ಮೂಳೆ, ಕೈ ಕೊಡುವ ಜನ. ಗಟ್ಟಿಯಾಗಿ ಹೇಳದಿದ್ದರೆ ನಿಜವೆಂದು ನಂಬಲಾಗದ ಭಯ. ಹೇಳುತ್ತ ಹೇಳುತ್ತ ಒಂದು ಕ್ಷಣ ನಾನೇ ಆ ಸಭೆಯಲ್ಲಿ ಕೈ ಎತ್ತಿ ನಿಂತ ಹಾಗಿತ್ತು. ಅವನು "ಹೌದು, ಅದೇ" ಅಂದ. ಕಣ್ಣಲ್ಲಿ ನೀರು.

ಗಾಯ ಮಾಯಲಿಲ್ಲ. ಎದುರು ಕೂತವನು ಬೇಹುಗಾರನಲ್ಲ, ಪೆದ್ದ ಅಂತ ಗೊತ್ತಾಯಿತು. ಪೆದ್ದನ ಮೇಲೆ ಸಿಟ್ಟಿಟ್ಟುಕೊಳ್ಳುವುದು ಕಷ್ಟ, ಅದೇ ಇನ್ನೊಂದು ಅನ್ಯಾಯ.

ಸಿಸ್ಟರ್ ನನ್ನ ಕಡೆ ತಿರುಗಿದರು. "ನಿಮಗೆ ಆ ಕಡೆಯಿಂದ ಹಲೋ ಕೇಳ್ಸಲ್ಲ ಅಂದ್ರಲ್ಲ. ನನಗೂ ಹನ್ನೆರಡು ವರ್ಷ ಕೇಳ್ಸಿರ್ಲಿಲ್ಲ. ಮಾತು ನಿಲ್ಸಿದೆ. ಫೋನ್ ಇಡ್ಲಿಲ್ಲ."

ಅಷ್ಟೆ. ಮೌನಪ್ರಾರ್ಥನೆಯಲ್ಲಿ ಇವತ್ತು ಕಣ್ಣು ಮುಚ್ಚಿದೆ. ವಿಶೇಷಣವಿಲ್ಲದೆ, ಪ್ರಾಸವಿಲ್ಲದೆ ಎರಡೇ ಪದ: ಇದ್ದೇನೆ, ಕರ್ತನೇ. ಉತ್ತರ ಬರಲಿಲ್ಲ. ಆದರೆ ಖಾಲಿ ಅಂತಲೂ ಅನಿಸಲಿಲ್ಲ. ಮರಗಳ ಹಾಗೆ ಏನೋ...

ಮೋಸ ಮಾಡಿದವನ ಮಾತನ್ನೂ ಕೂದಲೆಳೆಯಷ್ಟು ತಪ್ಪಿಲ್ಲದೆ ಒಪ್ಪಿಸುವ ಕಿವಿ ಊರಲ್ಲಿ ಎಷ್ಟು ಜನಕ್ಕಿದೆ? ನನಗಿದೆ. ಮನೆಗೆ ಬಂದು ಇವಳಿಗೂ ಹೇಳಿದೆ. "ಕೇಳುವ ಕಲೆಯಲ್ಲಿ ನಾನೀಗ ಡಾಕ್ಟರೇಟು."

"ಹೌದಾ," ಅಂದಳು.

ಜುಲೈ 6, ಭಾನುವಾರ, ಮಧ್ಯಾಹ್ನ

ಇವಳು ನಾಳೆಯ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದಳು. ಪ್ಲಗ್ ಕಿತ್ತು, ಬಂದು ಎದುರು ಕೂತಳು.

"ರೀ, ಗುರುವಾರ ಆಡ್ತೀರಲ್ಲ, ಆ ಆಟ. ನನ್ನ ಜೊತೆ ಒಂದ್ಸಲ ಆಡಿ. ನಾನು ಹೇಳ್ತೀನಿ, ನೀವು ಒಪ್ಸಿ. ಸರಿಯಾಗಿದ್ರೆ 'ಹೌದು, ಅದೇ' ಅಂತೀನಿ. ಆಮೇಲೆ ಊಟಕ್ಕೆ ಮುಂಚೆ ಮತ್ತೆ ಪ್ರಾರ್ಥನೆ ಮಾಡೋಣ. ಇಬ್ರೂ."

ಅಂದರೆ ಕ್ಷಮೆ. ಇಷ್ಟು ಸುಲಭಕ್ಕೆ! ಫಸ್ಟ್ ರ‍್ಯಾಂಕಿನವನಿಗೆ ಪರೀಕ್ಷೆಯ ಭಯವೇ? ಕೈ ಕಟ್ಟಿ, ತಲೆ ಸ್ವಲ್ಪ ವಾಲಿಸಿ, ಸಿಸ್ಟರ್ ಕೂರುವ ಹಾಗೆಯೇ ಕೂತೆ.

ಹೇಳಿದಳು. ಬಹಳ ಹೊತ್ತು ಹೇಳಿದಳು. ನಡುವೆ ಒಮ್ಮೆ ನೀರು ಕುಡಿದಳು. ಒಮ್ಮೆ ಅತ್ತಳು ಅಂತ ಕಾಣುತ್ತದೆ. ನಾನು ತಲೆಯಾಡಿಸುತ್ತಲೇ ಇದ್ದೆ. ಕೊನೆಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಈಗ ನೀವು," ಅಂದಳು.

ಬಾಯಿ ತೆರೆದೆ.

ಶುರುವಿನಲ್ಲೇ ಎಲ್ಲೋ 'ಒಂಟಿ' ಅಂದಿದ್ದಳು. ನನಗೆ ಒಂಟೆ ಹೊಳೆಯಿತು. ಒಂಟೆಯಿಂದ, ಬೈಬಲಿನಲ್ಲಿ ಅದು ತೂರಲಾಗದ ಸೂಜಿಯ ಕಣ್ಣು, ಕಣ್ಣಿನಿಂದ ನನ್ನ ಅಂಗಡಿ. ಎಷ್ಟು ಚೆನ್ನಾಗಿ ಕೂಡಿಬಂತೆಂದರೆ, ಇವಳು ಮುಗಿಸಿದ ಕೂಡಲೇ ಹೇಳಿ ನಗಿಸಬೇಕೆಂದು ಅದನ್ನೇ ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದೆ.

ಇವಳು ಇನ್ನೂ ಎದುರಿಗೇ ಕೂತಿದ್ದಾಳೆ. ನೆನಪಾದದ್ದನ್ನು ಬರೆದುಕೊಂಡು ಒಪ್ಪಿಸುತ್ತೇನೆ ಅಂತ ಹೇಳಿ ಇದನ್ನು ತೆರೆದಿದ್ದೇನೆ. ಒಂಟಿ ಅಂದಳು. ಅದಾದ ಮೇಲೆ