ಮಣ್ಣಿಗೆ ಕೊಟ್ಟ ಹಾಳೆ

ಮನೆಯಿಂದ,
ಶನಿವಾರ, ಮಧ್ಯಾಹ್ನದ ಹೊತ್ತು

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಬಿಟ್ಟಿತಾ? ಹೋದ ಸಲ ಫೋನಿನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದೆ, ಕೇಳಿದರೆ ಏನೂ ಇಲ್ಲ ಅಂತ ಹಾರಿಸಿಬಿಟ್ಟೆ. ಹೊಸ ಜಾಗದ ನೀರು ಒಗ್ಗುವವರೆಗೆ ಕಾಯಿಸಿ ಕುಡಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡೇ ನುಂಗಿ ಓಡಬೇಡ. ಇಲ್ಲಿ ನಾವಿಬ್ಬರೂ ಇದ್ದೇವೆ. ನಿನ್ನ ಮಾವನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಬೈಯಲು ಮನೆಯಲ್ಲಿ ನಾನೊಬ್ಬಳೇ ಸಾಲದು ಅಂತ ಒಲೆಯೊಳಗಿನ ಬ್ರೆಡ್ಡಿಗೂ ಬೈಯುತ್ತಾರೆ. ಬೇಕರಿ ಹೇಗೋ ನಡೆಯುತ್ತಿದೆ. ಒಂದು ವಿಷಯ ನಿನಗೆ ಹೇಳಬೇಕಿತ್ತು. ಫೋನಿನಲ್ಲಿ ಶುರು ಮಾಡಿದರೆ ಮುಗಿಸಲು ಆಗುವುದಿಲ್ಲ, ಅದಕ್ಕೇ ಬರೆಯಲು ಕೂತೆ.

ಮಳೆಗಾಲಕ್ಕೆ ಮುಂಚೆ ನಿಮ್ಮ ಲ್ಯಾಬಿನ ದೊಡ್ಡ ಮೇಡಂ ಮನೆಗೆ ಬಂದಿದ್ದರು. ನನ್ನ ಮಗ ಹೋದಮೇಲೆ ನೀನು ಆ ಕೆಲಸ ಬಿಟ್ಟು ದೂರ ಹೋಗಿದ್ದನ್ನು ಅವರೂ ತಪ್ಪು ತಿಳಿದಿಲ್ಲ, ನಾವೂ ತಿಳಿದಿಲ್ಲ. ಇಬ್ಬರೂ ಅಕ್ಕಪಕ್ಕ ನಿಂತು ಕೆಲಸ ಮಾಡುತ್ತಿದ್ದ ಮೇಜಿನ ಮುಂದೆ ಒಬ್ಬಳೇ ಹೇಗೆ ನಿಲ್ಲುತ್ತೀಯ? ಮೇಡಂ ಟೀ ಲೋಟ ಹಿಡಿದುಕೊಂಡೇ ಮೆಲ್ಲಗೆ ಕೇಳಿದರು, ಪ್ಲಾಸ್ಟಿಕ್ಕಿಗೆ ಬದಲು ಅಂತ ನೀವಿಬ್ಬರೂ ಮಾಡುತ್ತಿದ್ದ ಹಾಳೆಯಲ್ಲಿ ಅವನು ಕೊನೆಯ ಸಲ ಮಾಡಿದ ಸುರುಳಿ ಮನೆಯಲ್ಲಿ ಇದೆಯಾ ಅಂತ. ಇತ್ತು. ಅಪ್ಪನ ಬನ್ನಿಗೆ ಸುತ್ತಿ ನೋಡೋಣ ಅಂತ ಆ ವಾರವೇ ತಂದಿಟ್ಟಿದ್ದ. ಬನ್ನಿಗೆ ಸುತ್ತುವ ಮೊದಲೇ ಆ ಲಾರಿ ಅವನ ಮೇಲೆ ಬಂತು. ಸುರುಳಿಯನ್ನು ನಾನು ಅವನ ಅಂಗಿಗಳ ನಡುವೆ, ಬೀರುವಿನಲ್ಲಿ ಇಟ್ಟಿದ್ದೆ. ಒಮ್ಮೊಮ್ಮೆ ಬಾಗಿಲು ತೆಗೆದು ಮುಟ್ಟಿ ನೋಡುತ್ತಿದ್ದೆ. ಅವನ ಕೈಯಿಂದ ಆದದ್ದು ಅದೊಂದೇ ಅಲ್ಲವೇ ಉಳಿದದ್ದು.

ಮೇಡಂ ವಿವರಿಸಿ ಹೇಳಿದರು. ಹಾಳೆ ಎಷ್ಟು ಎಳೆದರೆ ಹರಿಯುತ್ತದೆ, ನೀರಿಗೆ ಎಷ್ಟು ತಡೆಯುತ್ತದೆ, ಎಲ್ಲ ಪರೀಕ್ಷೆಯೂ ಆಗಿದೆಯಂತೆ. ಮಣ್ಣಿನಲ್ಲಿ ಪೂರ್ತಿ ಕರಗುತ್ತದೆಯಾ ಅನ್ನುವ ಪರೀಕ್ಷೆ ಒಂದು ಬಾಕಿ. ಶುರುಮಾಡಿದ ಹಾಳೆಯಿಂದಲೇ ಅದನ್ನೂ ಮುಗಿಸಬೇಕು, ಹೊಸದು ಮಾಡಿದರೆ ಮೊದಲಿನಿಂದ ಎಲ್ಲವೂ ಆಗಬೇಕು, ಅಷ್ಟು ದಿನ ಕಾಯಲು ಮೇಲಿನವರು ತಯಾರಿಲ್ಲ, ಕೆಲಸವನ್ನೇ ಮುಚ್ಚಿಬಿಡುತ್ತಾರೆ ಅಂದರು. ಹಾಗಾದರೆ ಇದನ್ನು ಏನು ಮಾಡುತ್ತೀರಿ ಅಂತ ಕೇಳಿದೆ. ಹೂಳುತ್ತೇವೆ ಅಂದರು. ನನಗೆ ಎಲ್ಲಿಂದ ಬಂತೋ ಕೋಪ. "ಒಂದು ಸಲ ಮಣ್ಣಿಗೆ ಕೊಟ್ಟಿದ್ದೇನೆ. ಇನ್ನೊಂದು ಸಲ ಕೊಡಿ ಅಂತ ಕೇಳೋಕೆ ಬಂದಿದ್ದೀರಾ?" ಅಂದುಬಿಟ್ಟೆ. ಪಾಪ, ಅವರು ಕಣ್ಣೊರೆಸಿಕೊಂಡು ಎದ್ದು ಹೋದರು. ಟೀ ಲೋಟ ಹಾಗೇ ಇತ್ತು.

ಮರುದಿನ ನಿನ್ನ ಮಾವ ಬೇಕರಿಯಲ್ಲಿ ಬನ್ನು ಕಟ್ಟುತ್ತಾ ಹಳೆಯ ಮಾತನ್ನೆಲ್ಲ ತೆಗೆದರು. ಅವನು ಚಿಕ್ಕವನಿದ್ದಾಗ ನಾವು ಪ್ಲಾಸ್ಟಿಕ್ ಕವರಿನ ಬಾಯಿಯನ್ನು ಮೇಣದಬತ್ತಿಗೆ ಹಿಡಿದು ಅಂಟಿಸುತ್ತಿದ್ದೆವಲ್ಲ, ಆ ಹೊಗೆಗೆ ಮೂಗು ಮುಚ್ಚಿಕೊಂಡು ಓಡುತ್ತಿದ್ದ. ದೊಡ್ಡವನಾಗಿ ಮರಗೆಣಸಿನ ಗಂಜಿ ಕಾಯಿಸಿ ಕವರು ಮಾಡುತ್ತೇನೆ ಅಂದಾಗ, ಗಂಜಿ ಕಾಯಿಸುವುದಕ್ಕೆ ಇಷ್ಟೆಲ್ಲ ಓದಬೇಕಿತ್ತಾ ಅಂತ ನಕ್ಕವರು ಇವರೇ. ಮೊದಲ ಸಲ ತಂದ ಕವರು ಮಳೆಯ ತಂಡಿಗೆ ಬನ್ನಿಗೇ ಅಂಟಿಕೊಂಡು, ಕವರು ತಿನ್ನಬೇಕಾ ಬನ್ನು ತಿನ್ನಬೇಕಾ ಅಂತ ಗಿರಾಕಿಯೊಬ್ಬರು ಕೇಳಿದ್ದು ನಿನಗೆ ನೆನಪಿರಬೇಕು, ನೀನೂ ಅಲ್ಲೇ ಇದ್ದೆ. ಅವನು ಒಂದು ಚೂರು ಹರಿದು, ಅವರ ಎದುರಿಗೇ ಅಗಿದು ನುಂಗಿ, ಎರಡನ್ನೂ ತಿನ್ನಿ ಅಂದಿದ್ದ. ಆಮೇಲೆ ನೀವಿಬ್ಬರೂ ಕಡಲಪಾಚಿ ಸೇರಿಸಿದಿರಿ, ಜೇನುಮೇಣ ಸವರಿದಿರಿ, ಎಷ್ಟು ಸಲ ಕೆಟ್ಟಿತು, ಎಷ್ಟು ಸಲ ಮತ್ತೆ ಒಲೆಗೆ ಇಟ್ಟಿರಿ. ಇದನ್ನೆಲ್ಲ ಹೇಳಿ ನಿನ್ನ ಮಾವ, "ಬೀರುವಿನಲ್ಲಿ ಇಡೋಕೆ ಅಂತ ಅವನು ಮಾಡಲಿಲ್ಲ ಕಣೇ" ಅಂದರು. ಮುಖ ಆಚೆ ತಿರುಗಿಸಿಕೊಂಡೇ ಅಂದರು.

ಸುರುಳಿ ತೆಗೆದುಕೊಂಡು ನಾನೇ ಲ್ಯಾಬಿಗೆ ಹೋದೆ. ನಿಮ್ಮ ಮೇಜಿನ ಮೇಲೆ ಈಗ ಬೇರೆ ಯಾರದೋ ಗಾಜಿನ ತಟ್ಟೆಗಳು. ಕಿಟಕಿ ಪಕ್ಕದ ಮೊಳೆಯಲ್ಲಿ ಅವನ ಬಿಳಿ ಕೋಟು ಇನ್ನೂ ನೇತಾಡುತ್ತಿತ್ತು, ಯಾರಿಗೂ ತೆಗೆಯಲು ಮನಸ್ಸು ಬಂದಿಲ್ಲ. ನನ್ನ ಕೈಯಿಂದಲೇ ಹೂಳುತ್ತೇನೆ ಅಂದೆ, ಮೇಡಂ ಬೇಡ ಅನ್ನಲಿಲ್ಲ. ಹಿತ್ತಲಲ್ಲಿ ಗೊಬ್ಬರದ ಮಣ್ಣು ತುಂಬಿದ ತೊಟ್ಟಿ. ಹಾಳೆಯನ್ನು ಕತ್ತರಿಸಿ ಜಾಲರಿ ಚೀಲಗಳಲ್ಲಿ ಹಾಕಿ ಕೊಟ್ಟರು, ಆಮೇಲೆ ಏನು ಉಳಿದರೂ ಹುಡುಕಲು ಸಿಗಲಿ ಅಂತ. ಹೋಲಿಸಿ ನೋಡುವುದಕ್ಕೆ ಪಕ್ಕದಲ್ಲೇ ಮಾಮೂಲಿ ಪ್ಲಾಸ್ಟಿಕ್ಕಿನ ಒಂದು ತುಂಡನ್ನೂ ಹೂತರು. ಮೇಲೆ ನಾನೇ ಮಣ್ಣು ಎಳೆಯತೊಡಗಿದೆ. ಮೇಡಂ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅವರೂ ಒಂದು ಹಿಡಿ ಎಳೆದರು.

ಮಳೆಗಾಲ ಕಳೆದು, ಮೊನ್ನೆ ಅಗೆಯುವ ದಿನ ಹೇಳಿ ಕಳಿಸಿದ್ದರು. ನಿನ್ನ ಮಾವನೂ ಬಂದರು, ಬೇಕರಿಗೆ ಬೀಗ ಹಾಕಿ. ಮೊದಲು ಆ ಪ್ಲಾಸ್ಟಿಕ್ ತುಂಡು ಬಂತು. ಹೆಬ್ಬೆರಳಿನಲ್ಲಿ ಒರೆಸಿದರೆ ಇವತ್ತು ಅಂಗಡಿಯಿಂದ ತಂದ ಹಾಗೆ ಹೊಳೆಯಿತು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು ಮಗಳೇ. ಆಮೇಲೆ ಜಾಲರಿ ಚೀಲ ಬಿಚ್ಚಿದರು. ಬರೀ ಮಣ್ಣು. ಎರಡನೆಯದರಲ್ಲೂ ಮಣ್ಣು. ಮೂರನೆಯದನ್ನು ನಾನೇ ಕಸಿದುಕೊಂಡು ಅಂಗೈಗೆ ಸುರಿದುಕೊಂಡೆ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬೆರಳಿನಿಂದ ಕೆದಕಿದೆ. ಒಂದು ಚೂರಾದರೂ, ಉಗುರಿನಷ್ಟಾದರೂ ಸಿಗಲಿ ಅಂತ ದೇವರನ್ನು ಬೇಡಿಕೊಂಡೆ. ಮೇಡಂ ನನ್ನ ಕೈ ಹಿಡಿದುಕೊಂಡರು. "ಅಮ್ಮಾ, ಏನೂ ಸಿಗಬಾರದು. ಸಿಗದೇ ಇದ್ದರೇ ಅವನು ಗೆದ್ದ ಹಾಗೆ" ಅಂದರು.

ಸುತ್ತ ನಿಂತವರು ಚಪ್ಪಾಳೆ ತಟ್ಟಬೇಕೋ ಬೇಡವೋ ಅಂತ ನನ್ನ ಮುಖ ನೋಡುತ್ತಿದ್ದರು. ತಟ್ಟಿದವರು ನಿನ್ನ ಮಾವ. ಆ ಹಿಟ್ಟು ಮೆತ್ತಿದ ದೊಡ್ಡ ಕೈಗಳಿಂದ ತಟ್ಟಿದರು, ಅಳುತ್ತಲೇ ತಟ್ಟಿದರು. ಆಗ ಎಲ್ಲರೂ ತಟ್ಟಿದರು. ನಾನು ಆ ಮಣ್ಣನ್ನು ಸೆರಗಿಗೆ ಕಟ್ಟಿಕೊಳ್ಳೋಣ ಅಂದುಕೊಂಡೆ, ಮತ್ತೆ ತೊಟ್ಟಿಗೇ ಹಾಕಿದೆ. ಮುಂದಿನ ವರ್ಷ ದೊಡ್ಡ ಯಂತ್ರದಲ್ಲಿ ಹಾಳೆ ಮಾಡುತ್ತಾರಂತೆ, ಮೊದಲ ಕವರುಗಳು ನಮ್ಮ ಬೇಕರಿಗಂತೆ. ನನ್ನ ಮಗ ಗೆದ್ದ, ನಿನ್ನ ಗಂಡ ಗೆದ್ದ. ಮನೆಗೆ ಬಂದು ಬೀರು ತೆಗೆದರೆ ಅಂಗಿಗಳ ನಡುವೆ ಸುರುಳಿಯಷ್ಟು ಜಾಗ ಖಾಲಿ ಇತ್ತು. ಅಲ್ಲೇ ನೆಲದ ಮೇಲೆ ಕೂತೆ. ಇವರು ಬಂದು ದೀಪ ಹಾಕುವವರೆಗೂ ಏಳಲಿಲ್ಲ.

ನಿನಗೂ ಈ ಗೆಲುವಿನಲ್ಲಿ ಅರ್ಧ ಪಾಲಿದೆ, ಮೇಡಂ ಲ್ಯಾಬಿನ ವರದಿಯಲ್ಲೂ ಹಾಗೇ ಬರೆಸಿದ್ದಾರೆ. ನೀನು ಇದನ್ನು ಓದಿ ಅತ್ತರೆ ಅಳು, ಆದರೆ ಅಳುತ್ತಾ ಉಪವಾಸ ಮಲಗಬೇಡ. ಮಾವ ಕೇಳಿದರು ಅಂತ ಬರೆಯಲು ಹೇಳಿದ್ದಾರೆ. ನಿನ್ನ ಬಾಳು ತಂಪಾಗಿರಲಿ, ಮಗಳೇ.

ಇಂತು ನಿನ್ನ
ಅತ್ತೆ

ತಾ.ಕ.: ಅಂಚೆಗೆ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ನಿನ್ನ ಅಮ್ಮ ಫೋನ್ ಮಾಡಿದ್ದರು. ಅಲ್ಲಿ ನಿನ್ನ ಜೊತೆ ಕೆಲಸ ಮಾಡುವ ಒಬ್ಬ ಒಳ್ಳೆಯ ಮನುಷ್ಯ ಮದುವೆಯ ವಿಷಯ ಕೇಳಿದರೆ, ಅತ್ತೆ-ಮಾವನಿಗೆ ಯಾವ ಮುಖ ತೋರಿಸಲಿ ಅಂತ ಬೇಡ ಅಂದೆಯಂತೆ. ನಾವಿಬ್ಬರೂ ಕೂತು ಮಾತಾಡಿದೆವು. ನಿನಗೆ ಮನಸ್ಸಿದ್ದರೆ ಹೂಂ ಅಂದುಬಿಡು, ನಮ್ಮನ್ನು ನೋಡಿ ನಿಲ್ಲಬೇಡ. ಕರೆದರೆ ಇಬ್ಬರೂ ಬಂದು ಮುಂದಿನ ಸಾಲಿನಲ್ಲೇ ಕೂರುತ್ತೇವೆ. ಅಷ್ಟಾದ ಮೇಲೆ ನನ್ನನ್ನು ಅತ್ತೆ ಅನ್ನುವುದು ಕಷ್ಟವಾದರೆ, ಅಮ್ಮ ಅನ್ನು.